ನಾಯಕರ ಹಿತ್ತಿಲಿಗೆ ಹುಲ್ಲು ಹಾಸಿದ್ದು

ಬಿಳಿಗಲ್ಲಿನ ಪಾಳೆಯಗಾರ ಕೆಂಚಪ್ಪನಾಯಕರಿಗೆ ಭಾವನ ಊರಿಗೆ ಹೋಗಿ ಬಂದಾಗಲೆಲ್ಲ ಏನಾದರೊಂದು ಹುಚ್ಚು ಹಿಡಿಯುತ್ತಿತ್ತು. ಒಮ್ಮೆ ನವಿಲು ಸಾಕುವ ಹುಚ್ಚು, ಇನ್ನೊಮ್ಮೆ ಕೊಳಲು ಊದುವ ಹುಚ್ಚು. ಈ ಸಲ ಹುಲ್ಲು.

ಭಾವನ ಅರಮನೆ ಇದ್ದದ್ದು ಹೊಳೆದಂಡೆಯಲ್ಲಿ. ಹಿತ್ತಿಲಲ್ಲಿ ಚೆಂಡಾಟಕ್ಕೆಂದೇ ಹುಲ್ಲು ಬೆಳೆಸಿದ ಹಸಿರು ಅಂಗಳ. ಅದನ್ನು ತೋರಿಸಿ ಭಾವ ಮೀಸೆಯಡಿ ನಕ್ಕಿದ್ದೇ ತಡ, ನಾಯಕರು ತಮ್ಮ ಹಿತ್ತಿಲಲ್ಲೂ ಅಂಥದ್ದೊಂದು ಇದೆ, ಅದಕ್ಕೆ ನೀರೂ ಬೇಡ, ಕತ್ತರಿಸುವ ಕೆಲಸವೂ ಇಲ್ಲ, ನಡುಬೇಸಿಗೆಯಲ್ಲೂ ಹೀಗೇ ಹಸಿರಾಗಿರುತ್ತದೆ ಎಂದುಬಿಟ್ಟರು. ಹಾಗಾದರೆ ಬರುವ ಹುಣ್ಣಿಮೆಗೆ ಬಂದು ಆಡಿಯೇ ಹೋಗುತ್ತೇನೆ ಎಂದ ಭಾವ.

ಹಿತ್ತಿಲಲ್ಲಿ ನಿಜಕ್ಕೂ ಇದ್ದದ್ದು ಕೆಮ್ಮಣ್ಣು, ಒಂದು ಬೇವಿನ ಮರ ಮತ್ತು ತೋಟಗಾರ ಮಾಳಗನ ಗುಡಿಸಲು.

ಊರಿಗೆ ಬಂದವರೇ ನಾಯಕರು ಕಚೇರಿ ಕರೆದು, ಮಾಳಗನನ್ನು ಎದುರು ನಿಲ್ಲಿಸಿಕೊಂಡು, ತಮಗೆ ಬೇಕಾದ ಹುಲ್ಲಿನ ಲಕ್ಷಣ ಹೇಳಿದರು. ಅದು ಬೆಳೆಯಬಾರದು. ಒಣಗಬಾರದು. ಕಾಲಿಟ್ಟರೆ ಬಾಗಬೇಕು, ಆದರೆ ಚುಚ್ಚಬಾರದು. ಕಾಲೆತ್ತಿದ ಮೇಲೆ ತಾನಾಗಿಯೇ ಎದ್ದು ನಿಲ್ಲಬೇಕು.

ಅಂಥ ಹುಲ್ಲು ಭೂಮಿ ಮೇಲಿಲ್ಲ ಬುದ್ಧಿ ಎಂದ ಮಾಳಗ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಕೆಲಸ ಮುಗಿಯುತ್ತದೆ ಎಂದು ನಂಬಿದ್ದ ಮನುಷ್ಯ.

ನಾಯಕರು ಸಭೆಯತ್ತ ತಿರುಗಿದರು. "ಇವನು ಇಲ್ಲ ಅನ್ನುತ್ತಾನೆ. ನೀವೇನು ಹೇಳುತ್ತೀರಿ?"

ಇಲ್ಲದೆ ಏನು ಎಂದರು ಪ್ರಧಾನಿ ಸೂರಪ್ಪಯ್ಯ. ಅದರ ವಿಷಯ ತಾಳೆಗರಿಯಲ್ಲೇ ಓದಿದ್ದರಂತೆ. ಶಾನುಭೋಗರು ಕಣ್ಣಾರೆ ಕಂಡಿದ್ದರಂತೆ. ದಳವಾಯಿಯ ಅಜ್ಜಿಯ ಊರಿನಲ್ಲಂತೂ ಅದನ್ನು ಬಿಟ್ಟು ಬೇರೆ ಹುಲ್ಲೇ ಇಲ್ಲವಂತೆ. ಉಳಿದವರು ತಲೆಯಾಡಿಸಿದ ರಭಸಕ್ಕೆ ಪೇಟಗಳು ಸಡಿಲವಾದವು.

"ಕೇಳಿದೆಯೇನೋ? ಹುಣ್ಣಿಮೆಯೊಳಗೆ ಹುಲ್ಲು ಹಾಸಬೇಕು. ಇಲ್ಲವೋ, ಗುಡಿಸಲು ಕಿತ್ತುಕೊಂಡು ಊರು ಬಿಡು."

ಮಾಳಗನ ಮಗಳು ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ದಿನ ತುಂಬಿತ್ತು. ಅಂಥ ಹೆಣ್ಣನ್ನು ಕರೆದುಕೊಂಡು ಯಾವ ಊರಿಗೆ ಹೋಗುವುದು? ಅವನು ನಾಯಕರ ಬೆನ್ನ ಹಿಂದೆ ನೋಡಿದ.

ಅಲ್ಲಿ ನಿಂತು ಎಲೆಯಡಿಕೆ ಮಡಿಸಿಕೊಡುವುದು ಅಡಪದ ಬಯ್ಯಮ್ಮನ ಊಳಿಗ. ದೊಡ್ಡ ನಾಯಕರ ಕಾಲದಿಂದಲೂ ಅದೇ ಜಾಗದಲ್ಲಿ ನಿಂತವಳು. ಯಾರು ಸುಳ್ಳು ಹೇಳುವಾಗ ಎಲ್ಲೆಲ್ಲಿ ಕೆರೆದುಕೊಳ್ಳುತ್ತಾರೆ ಎನ್ನುವುದು ಅವಳಿಗೆ ಬಾಯಿಪಾಠ. ಅವಳೂ ಮಾಳಗನನ್ನು ನೋಡಿದಳು, ಎಲೆಗೆ ಸುಣ್ಣ ಸವರಿದಳು.

ಮಾಳಗ ಕೈಲಾದದ್ದು ಮಾಡಿದ. ಗೋಣಿತಾಟಿಗೆ ಸೊಪ್ಪಿನ ರಸ ಬಳಿದು ಹಿತ್ತಿಲ ತುಂಬ ಹಾಸಿದ. ಮಧ್ಯಾಹ್ನದ ಬಿಸಿಲಿಗೆ ಅದು ಸಗಣಿ ಬಣ್ಣಕ್ಕೆ ತಿರುಗಿತು. ಪ್ರಧಾನಿಗಳು ಬಂದು ನೋಡಿ, ಭೇಷಾಗಿದೆ ಎಂದರು. ಹಿಂದೆಯೇ ಬಂದ ನಾಯಕರು ಮುಖ ಸಿಂಡರಿಸಿದರು. ಪ್ರಧಾನಿಗಳು ಆಡಿದ ಮಾತು ಇನ್ನೂ ಬಾಯಲ್ಲಿರುವಾಗಲೇ ತಾವೂ ಸಿಂಡರಿಸಿದರು.

ಬಯ್ಯಮ್ಮ ಆ ಮುಖವನ್ನು ಬಹಳ ಹೊತ್ತು ನೋಡಿದಳು. ಹುಲ್ಲು ಸಿಕ್ಕಿತು ಎಂದುಕೊಂಡಳು.

ಅಂದೇ ಸಂಜೆ ಎಲೆ ಕೊಡುತ್ತ ಹೇಳಿದಳು: "ಬುದ್ಧೀ, ಆ ಹುಲ್ಲು ಎಲ್ಲಿದೆ ಅಂತ ನನಗೆ ಗೊತ್ತು. ನಾನು ಹಾಸಿಸುತ್ತೇನೆ. ನೀವು ಹೇಳಿದ ಲಕ್ಷಣವೆಲ್ಲ ಇದ್ದರೆ ಮಾಳಗನ ಗುಡಿಸಲು ಇದ್ದಲ್ಲೇ ಇರಲಿ."

"ಇಲ್ಲದಿದ್ದರೆ?"

"ಅವನ ಹಿಂದೆ ನನ್ನ ಗಂಟುಮೂಟೆಯೂ ಹೋಗಲಿ."

ನಾಯಕರು ಒಪ್ಪಿದರು. ಮಾಳಗ ಹೌಹಾರಿದ. ನನ್ನ ಜೊತೆ ನೀನ್ಯಾಕಕ್ಕಾ ಬೀದಿಗೆ ಬೀಳುತ್ತೀ ಎಂದು ಗೋಳಾಡಿದ. ನೆಲ ಗುಡಿಸಿ ಮಟ್ಟ ಮಾಡಿಡು, ಬೇರೇನೂ ಕೇಳಬೇಡ ಎಂದಳು ಬಯ್ಯಮ್ಮ.

ಹುಣ್ಣಿಮೆಗೆ ಎರಡು ದಿನ ಉಳಿದಿರುವಾಗ ಅವಳು ಪ್ರಧಾನಿಗಳಿಂದ ಹಿಡಿದು ಸಭೆಯವರೆಲ್ಲರ ಮನೆಗೂ ಹೇಳಿಕಳಿಸಿದಳು: ಬೆಳಿಗ್ಗೆ ನಾಯಕರು ಹುಲ್ಲು ನೋಡಲು ಬರುತ್ತಾರೆ, ಅದನ್ನು ಬಲ್ಲವರೆಲ್ಲ ಹಸಿರು ಶಾಲು ಹೊದ್ದು ಮೊದಲೇ ಬಂದು ಸೇರಿದರೆ ಚೆನ್ನ. ಬರದವರು ಒಬ್ಬರೂ ಇಲ್ಲ. ಬಂದವರಿಗೆ ಇನ್ನೊಂದು ಮಾತು ಹೇಳಿದಳು. ನೆಲ ಮಟ್ಟವಾಗಿದೆಯೋ ಇಲ್ಲವೋ ಬೋರಲು ಮಲಗಿ ನೋಡಿದರೇ ತಿಳಿಯುವುದು; ಯಾರು ಮೊದಲು ಮಲಗಿದರು ಎನ್ನುವುದನ್ನು ನಾಯಕರ ಕಿವಿಗೆ ಹಾಕುತ್ತೇನೆ.

ಸೂರಪ್ಪಯ್ಯ ಮಲಗಿದರು. ಪ್ರಧಾನಿಗಳೇ ಮಲಗಿದ ಮೇಲೆ ನಿಂತಿರುವುದು ಹೇಗೆ ಎಂದು ಶಾನುಭೋಗರು ಮಲಗಿದರು. ದಳವಾಯಿ ಕತ್ತಿ ಬಿಚ್ಚಿಟ್ಟು ಮಲಗಿದ. ಆಮೇಲೆ ಜಾಗಕ್ಕೇ ನೂಕುನುಗ್ಗಲಾಯಿತು.

ನಾಯಕರು ಬಂದು ಬೇವಿನ ಮರದಡಿ ನಿಂತುಬಿಟ್ಟರು. ಹಿತ್ತಿಲ ತುಂಬ ಹಸಿರು.

"ಏನಿದು, ಬಯ್ಯಮ್ಮ?"

"ಹುಲ್ಲು, ಬುದ್ಧಿ. ಲಕ್ಷಣ ಒಂದೊಂದಾಗಿ ನೋಡಿಕೊಳ್ಳಿ. ಬೆಳೆಯುವುದಿಲ್ಲ, ನಿಮ್ಮ ಅಪ್ಪಾಜಿ ಕಾಲದಲ್ಲಿ ಎಷ್ಟಿತ್ತೋ ಇವತ್ತಿಗೂ ಅಷ್ಟೇ. ಒಣಗುವುದಿಲ್ಲ, ಹೋದ ಬರದಲ್ಲಿ ಊರೆಲ್ಲ ಒಣಗಿದಾಗಲೂ ಇದು ಹೀಗೇ ಇತ್ತು. ಇನ್ನು ಚುಚ್ಚುವ ಮಾತಂತೂ ಇದರಿಂದ ನೀವು ಒಂದೂ ಕೇಳಿಲ್ಲ."

"ಕಾಲಿಟ್ಟರೆ ಬಾಗುತ್ತದೋ?"

"ಕಾಲಿಡುವ ತನಕ ಕಾಯುವುದೇ ಇಲ್ಲ."

"ಮತ್ತೆ ಏಳುತ್ತದೋ?"

"ನೀವು ಆ ಕಡೆ ಹೋದ ಕೂಡಲೇ. ನಿಮ್ಮೆದುರಿಗೆ ಎದ್ದದ್ದನ್ನು ನಾನಂತೂ ಕಂಡಿಲ್ಲ."

ನಾಯಕರಿಗೆ ಸಿಟ್ಟು ಬರಬೇಕೋ ನಗು ಬರಬೇಕೋ ಇನ್ನೂ ನಿಕ್ಕಿಯಾಗಿರಲಿಲ್ಲ. ತಮ್ಮ ಕಾಲ ಬಳಿಯೇ ಇದ್ದ ಶಾಲಿನ ಮೇಲೆ ಬಗ್ಗಿ ಕೇಳಿದರು. "ಸೂರಪ್ಪಯ್ಯನವರೇ, ನೀವು ಹುಲ್ಲೇ?"

ನೆಲದಿಂದ ಮಣ್ಣು ಮೆತ್ತಿದ ದನಿ ಬಂತು: "ತಮ್ಮ ಚಿತ್ತ ಹೇಗೋ ಹಾಗೆ, ಪ್ರಭು."

ನಾಯಕರ ಬಾಯಲ್ಲಿದ್ದ ಎಲೆಯಡಿಕೆ ಹಾರಿ ಹೋಯಿತು. ಮರಕ್ಕೆ ಕೈಕೊಟ್ಟುಕೊಂಡು ನಕ್ಕರು. ಅವರು ನಕ್ಕದ್ದು ಕೇಳಿ ನೆಲದ ಮೇಲಿನ ಹಸಿರೂ ಕುಲುಕುಲು ನಕ್ಕಿತು. ಅದನ್ನು ನೋಡಿ ಅವರು ಇನ್ನಷ್ಟು ನಕ್ಕರು.

ಕಣ್ಣೊರೆಸಿಕೊಂಡ ಮೇಲೆ ಮಾಳಗನನ್ನು ಕರೆದು, ಗುಡಿಸಲಿನ ತಂಟೆಗೆ ಯಾರೂ ಬರುವುದಿಲ್ಲ, ಮಗಳ ಬಾಣಂತನಕ್ಕೆ ತುಪ್ಪ, ಕೊಬ್ಬರಿ ಅರಮನೆಯಿಂದಲೇ ಹೋಗುತ್ತದೆ ಎಂದರು. ಮಾಳಗ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ.

ಆಗ ನಾಯಕರಿಗೆ ಭಾವನ ನೆನಪಾಯಿತು. ನಗು ಇಳಿಯಿತು.

"ಅದೆಲ್ಲ ಸರಿ ಕಣೇ. ನಾಳೆ ಭಾವ ಇಲ್ಲಿಗೇ ಬಂದು ನಿಂತು, ಎಲ್ಲಿದೆಯಯ್ಯ ನಿನ್ನ ಹುಲ್ಲು ಅಂದರೆ ಏನು ಹೇಳಲಿ?"

ಬಯ್ಯಮ್ಮ ಹೊಸ ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ಕೈಗಿತ್ತಳು.

"ಬೆಳಿಗ್ಗೆಯೇ ಎದ್ದು ಕಚೇರಿಗೆ ಹೋಯಿತು ಅನ್ನಿ, ಬುದ್ಧಿ. ನೋಡಲೇಬೇಕು ಅಂದರೆ ಒಳಗೆ ಕರೆದುಕೊಂಡು ಬನ್ನಿ."