ಮಾತಾಡದ ಕೆರೆ, ಬೂದವ್ವನ ಮೂರು ಸುತ್ತು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಯಾವ ಬೆಟ್ಟ ಎಲ್ಲಿ ಕೂರಬೇಕೆಂಬುದೇ ತೀರ್ಮಾನವಾಗಿರಲಿಲ್ಲ. ಆಗ ಎಲ್ಲವೂ ಮಾತಾಡುತ್ತಿದ್ದವು. ಹೊಳೆ ಹರಟುತ್ತಿತ್ತು, ಗಾಳಿ ಚಾಡಿ ಹೇಳುತ್ತಿತ್ತು, ಕಲ್ಲು ಕೂಡ ಬಿಸಿಲು ಜಾಸ್ತಿಯಾಯಿತೆಂದು ಗೊಣಗುತ್ತಿತ್ತು.

ಆ ಕಾಲದಲ್ಲಿ ತೋಳಗಳು ಎರಡು ಥರ. ಒಂದು ಹೆದ್ದೋಳ: ಅಗಲವಾದ ತಲೆ, ದಪ್ಪ ಮೈ, ಆನೆಯ ಮೂಳೆಯನ್ನೂ ಕಟಕಟನೆ ಕಡಿಯುವ ದವಡೆ. ಆನೆ, ಕಾಡೆಮ್ಮೆ ಬಿಟ್ಟರೆ ಬೇರೇನನ್ನೂ ಅದು ಮೂಸುತ್ತಲೂ ಇರಲಿಲ್ಲ. ಇನ್ನೊಂದು ಬೂದುತೋಳ: ಸಣಕಲು ಮೈ, ಉದ್ದ ಕಾಲು. ಮೊಲ ಸಿಕ್ಕರೆ ಮೊಲ, ಇಲಿ ಸಿಕ್ಕರೆ ಇಲಿ, ಏನೂ ಸಿಗದಿದ್ದರೆ ಬೋರೆಹಣ್ಣು.

ಬೂದುತೋಳಗಳಲ್ಲಿ ಬೂದವ್ವ ಅಂತ ಒಬ್ಬಳಿದ್ದಳು. ಅವಳಿಗೆ ಎಲ್ಲದರ ಮೇಲೂ ಅನುಮಾನ. ಮೋಡ ಕವಿದರೆ ಅನುಮಾನ, ಕವಿಯದಿದ್ದರೆ ಇನ್ನೂ ಅನುಮಾನ. ಅವಳಿಗೆ ಮೂರು ಮರಿಗಳು. ಎರಡು ದಿನದಿಂದ ಇಲಿಯೂ ಸಿಕ್ಕಿರಲಿಲ್ಲ. ಮೊಲೆಯಲ್ಲಿ ಹಾಲು ಬತ್ತುತ್ತಾ ಬಂದಿತ್ತು.

ಅಂದು ಬೆಳಿಗ್ಗೆ ಹೆದ್ದೋಳಗಳ ಯಜಮಾನ ದವಡಪ್ಪ ಅವಳ ಗವಿಯ ಬಾಗಿಲಿಗೆ ಬಂದ.

"ತಂಗೀ, ಎದ್ದಿದೀಯಾ? ನಡಿ ನಡಿ, ಊಟಕ್ಕೆ. ಕರಿಕೆರೆಯಲ್ಲಿ ಒಂದು ಆನೆ ನಿಂತಿದೆ. ಓಡ್ತಾನೂ ಇಲ್ಲ, ಒದೀತಾನೂ ಇಲ್ಲ. ಬಾಯಿ ಹಾಕೋದೊಂದೇ ಕೆಲಸ."

ಬೂದವ್ವನ ಕಿವಿ ನೆಟ್ಟಗಾಯಿತು. "ನಾನು ನಿಂಗೆ ಯಾವ ಕಡೆಯಿಂದ ತಂಗಿ?"

"ಮುಖ ನೋಡಿದ್ರೆ ಗೊತ್ತಾಗಲ್ವಾ? ಅದೇ ಮೂತಿ, ಅದೇ ಬಾಲ."

"ಮೂತಿ ಒಂದೇ ಥರ ಇದ್ರೆ ನೆಂಟಸ್ತನ ಆಗುತ್ತಾ? ನಿಮ್ಮಜ್ಜಿ ಯಾರು, ನಮ್ಮಜ್ಜಿ ಯಾರು?"

"ಊಟಕ್ಕೆ ಕರೆದ್ರೆ ವಂಶಾವಳಿ ಕೇಳ್ತಾಳಲ್ಲಪ್ಪಾ ಇವಳು!" ದವಡಪ್ಪ ನಕ್ಕ. ಅವನ ಹಿಂದಿದ್ದ ಹಿಂಡೂ ನಕ್ಕಿತು.

ಪುಕ್ಕಟೆ ಊಟಕ್ಕೆ ಬಾಗಿಲ ತನಕ ಬಂದು ಕರೆಯುವವರು ಲೋಕದಲ್ಲಿ ಕಡಿಮೆ. ಬೂದವ್ವನ ಅನುಮಾನ ಇನ್ನೊಂದು ಗೇಣು ಬೆಳೆಯಿತು. ಆದರೆ ಕಿರಿಯ ಮರಿ ಹಸಿವಿನಿಂದ ಅವಳ ಬಾಲವನ್ನೇ ಚೀಪುತ್ತಿತ್ತು. ಮೂರನ್ನೂ ಕಟ್ಟಿಕೊಂಡು ಹೊರಟಳು.

ಕರಿಕೆರೆ ಥಳಥಳ ಹೊಳೆಯುತ್ತಿತ್ತು. ನಡುವೆ ಆನೆ, ಹೊಟ್ಟೆಯವರೆಗೆ ಮುಳುಗಿ, ಕಣ್ಣು ಮುಚ್ಚಿ ನಿಂತಿತ್ತು. ಮೇಲೆ ಬೋಳಣ್ಣನೆಂಬ ರಣಹದ್ದು ಸುತ್ತುತ್ತಿದ್ದ.

"ಬೋಳಣ್ಣಾ, ಯಾಕೆ ಇನ್ನೂ ಇಳಿದಿಲ್ಲ?" ಬೂದವ್ವ ಕೂಗಿ ಕೇಳಿದಳು.

"ಇವತ್ತು ನಂಗೆ ಉಪವಾಸ ಕಣವ್ವ."

ರಣಹದ್ದಿಗೆ ಉಪವಾಸ! ಬೂದವ್ವನ ಬೆನ್ನಿನ ಕೂದಲು ನಿಂತಿತು. ಅವಳು ಕೆರೆಯನ್ನೇ ಮಾತಾಡಿಸಿದಳು.

"ಕೆರೆಯವ್ವಾ, ಚೆನ್ನಾಗಿದೀಯಾ?"

ಕೆರೆ ಮಾತಾಡಲಿಲ್ಲ.

"ನಿನ್ನ ಆಳ ಎಷ್ಟು ತಾಯೀ?"

ಕೆರೆ ಮಾತಾಡಲಿಲ್ಲ.

ಕಲ್ಲೂ ಗೊಣಗುವ ಲೋಕದಲ್ಲಿ ಇದಕ್ಕೊಂದಕ್ಕೆ ಯಾಕೆ ಬಾಯಿಲ್ಲ?

"ನಾನು ಎಷ್ಟು ಬೀಸಿದ್ರೂ ಅದರಲ್ಲಿ ಒಂದು ಅಲೆ ಏಳಲ್ಲ ಕಣೇ," ಎಂದು ಗಾಳಿ ಪಿಸುಗುಟ್ಟಿತು.

ಬೂದವ್ವ ಮರಿಗಳನ್ನು ಬಂಡೆಯ ಮೇಲೆ ಕೂರಿಸಿದಳು. ದಡದ ನೆಲವನ್ನು ಪಾದದಿಂದ ಒತ್ತಿ ಒತ್ತಿ ಒಂದು ಸುತ್ತು ಬಂದಳು. ಗಟ್ಟಿ. ಕೆರೆಗೆ ಇನ್ನಷ್ಟು ಹತ್ತಿರ, ಎರಡನೇ ಸುತ್ತು. ಮೆತ್ತಗೆ. ಮೂರನೇ ಸುತ್ತಿಗೆ ಪಾದಕ್ಕೆ ಏನೋ ಅಂಟಿತು.

"ಏನೇ ಅದು ಪ್ರದಕ್ಷಿಣೆ?" ದವಡಪ್ಪ ರೇಗಿಸಿದ. "ನಿನ್ನ ಅನುಮಾನ ಮುಗಿಯೋ ಹೊತ್ತಿಗೆ ಆನೆಯ ಉಗುರೂ ಉಳಿಯಲ್ಲ ನೋಡು!" ಹಿಂಡಿನ ಜೊತೆ ಕೆರೆಗೆ ಹಾರಿಯೇಬಿಟ್ಟ.

ಬೂದವ್ವ ಬೆನ್ನು ತಿರುಗಿಸಿದಳು. ಮೈಯಲ್ಲಿ ಹೋದರೂ ಪರವಾಗಿಲ್ಲ ಎನಿಸಿದ್ದು ಬಾಲದ ತುದಿ ಒಂದೇ. ಅದನ್ನು ಕೆರೆಗೆ ತಾಗಿಸಿದಳು. ಕೆರೆ ಹಿಡಿದುಕೊಂಡಿತು! ನಾಲ್ಕೂ ಕಾಲೂರಿ ಎಳೆದಳು. ಕೂದಲು ಕಿತ್ತುಬಂತು, ತುದಿ ಇದ್ದಿಲಿನಂತೆ ಕಪ್ಪಾಗಿತ್ತು.

"ಅಣ್ಣಾ, ಅದು ನೀರಲ್ಲ! ಡಾಂಬರು!" ಅವಳು ಅವನನ್ನು ಅಣ್ಣ ಎಂದದ್ದು ಅದೇ ಮೊದಲು.

ತಡವಾಗಿತ್ತು. ಹೆದ್ದೋಳಗಳು ಎದೆಯವರೆಗೆ ಇಳಿದಿದ್ದವು. ಮೂಳೆ ಕಡಿಯುವ ದವಡೆ ಏನೋ ಇತ್ತು. ಆದರೆ ಅಂಟನ್ನು ಕಡಿಯುವುದು ಹೇಗೆ?

ಬೂದವ್ವ ಅವರನ್ನೇ ನೋಡುತ್ತಿದ್ದಾಗ ಕಿರಿಯ ಮರಿ ಬಂಡೆಯಿಂದ ಜಿಗಿದು ಮಾಂಸದ ವಾಸನೆಯ ಕಡೆ ಓಡಿತು.

"ತಂಗೀ, ಮರಿ! ಎಡಕ್ಕೆ ಹಾರು, ನಾನು ಹಾರಿದ್ದು ಅಲ್ಲಿಂದಲೇ, ನೆಲ ಗಟ್ಟಿ ಇದೆ!" ದವಡಪ್ಪ ಕುತ್ತಿಗೆ ಎತ್ತಿ ಗುಡುಗಿದ.

ಬೂದವ್ವ ಮೂಸಲಿಲ್ಲ, ಒತ್ತಲಿಲ್ಲ, ಸುತ್ತಲಿಲ್ಲ. ಹಾರಿದಳು. ನೆಲ ಗಟ್ಟಿಯಾಗಿಯೇ ಇತ್ತು. ಮರಿಯ ಕತ್ತು ಕಚ್ಚಿ ಹಿಂದಕ್ಕೆಳೆದಳು. ಹುಟ್ಟಿದಾಗಿನಿಂದ ಅವಳು ಅನುಮಾನಿಸದೆ ನಂಬಿದ ಮಾತು ಅದೊಂದೇ.

ತಿರುಗಿ ನೋಡುವಷ್ಟರಲ್ಲಿ ಕೆರೆ ಮೊದಲ ಸಲ ಬಾಯಿಬಿಟ್ಟಿತು.

"ಗುಳುಕ್," ಅಂದಿತು.

ಆ ಸಂಜೆ ಮರಿಗಳಿಗೆ ಎರಡು ಇಲಿ, ಒಂದಿಷ್ಟು ಬೋರೆಹಣ್ಣು. ಹೊಟ್ಟೆ ತುಂಬಲಿಲ್ಲ, ಜೀವ ಉಳಿಯಿತು. ಮಲಗುವ ಮುನ್ನ ಬೂದವ್ವ ಗವಿಯ ನೆಲವನ್ನು ಒತ್ತಿ ಒತ್ತಿ ಮೂರು ಸುತ್ತು ಬಂದಳು. ಮರಿಗಳೂ ಬಂದವು.

"ನೆಲ ಏನಂತಮ್ಮಾ?" ಕೇಳಿತು ಕಿರಿಯದು.

"ಗೊಣಗ್ತಾ ಇದೆ. ಮಲಗು. ಸುಮ್ಮನಿದ್ರೆ ಮಾತ್ರ ಎದ್ದುಬಿಡು."

ಹೆದ್ದೋಳ ಇವತ್ತು ಎಲ್ಲೂ ಇಲ್ಲ. ಬೂದವ್ವನ ವಂಶ ಇದೆ, ತೋಳಗಳ ಬಾಲದ ತುದಿ ಈಗಲೂ ಕಪ್ಪು. ಅವರಲ್ಲಿ ಕೆಲವರು ಮನುಷ್ಯರ ಬಾಗಿಲಿಗೆ ಬಂದು ನಾಯಿಗಳಾದರು. ಹೆಸರು ಬದಲಾಯಿತು, ಅನುಮಾನ ಹೋಗಲಿಲ್ಲ. ಅದಕ್ಕೇ ನೋಡು ಮಗೂ, ಡಾಂಬರು ರಸ್ತೆಯ ನಟ್ಟನಡುವೆ ಬಿಸಿಲು ಕಾಯಲು ಬರುವ ನಿಮ್ಮ ಬೀದಿಯ ನಾಯಿ, ಎಷ್ಟೇ ನಿದ್ದೆ ಬಂದಿದ್ದರೂ, ಆ ಕಪ್ಪು ನೆಲದ ಮೇಲೆ ಮೂರು ಸುತ್ತು ಸುತ್ತಿ, ಅದು ಹಿಡಿದುಕೊಳ್ಳುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಮೈ ಚೆಲ್ಲುತ್ತದೆ.