ಚಂದಲೆಗೆ ಏನು ಬೇಕು?

"ಕೇಳ್ರಪ್ಪೋ ಕೇಳಿ! ದೊಡ್ಡರಸರ ಅಪ್ಪಣೆ! ಹಿರಿಯ ಕುಮಾರಿ ಮಾಳಲೆದೇವಿಯವರ ಮೂರು ಒಗಟು ಒಡೆದವನು ಕಿರಿಯ ಕುಮಾರಿ ಚಂದಲೆದೇವಿಯವರಿಗೆ ಗುರುವಾಗುತ್ತಾನೆ, ಒಂದು ಹಳ್ಳಿ ಉಂಬಳಿ ಪಡೆಯುತ್ತಾನೆ! ಒಂದು ತಪ್ಪಿದರೂ ತಲೆ ಹೋಗುತ್ತದೆ! ಯುಗಾದಿಯೊಳಗೆ ಗುರು ಸಿಗದಿದ್ದರೆ ಕಿರಿಯ ಕುಮಾರಿ ಬೆಟ್ಟದ ಕೋಟೆಗೆ ಹೋಗುತ್ತಾರೆ!"

ಡಂಗುರದವನು ಸಾರುವುದನ್ನು ಮಾಳಲೆ ಉಪ್ಪರಿಗೆಯಿಂದ ಕೇಳಿಸಿಕೊಂಡಳು. ಬೆಟ್ಟದ ಕೋಟೆ ಅಂದರೇನು, ಸೆರೆಮನೆಯೇ ತಾನೆ! ಪುಟ್ಟ ಚಂದಲೆಗೆ ಮಾತು ತಡೆಯುತ್ತಿತ್ತು. ಮಗ್ಗಿ ಒಪ್ಪಿಸೆಂದರೆ ಮೊದಲ ಮಾತಿನಲ್ಲೇ ನಿಂತುಬಿಡುವಳು. ಬಂದ ಗುರುಗಳೆಲ್ಲ ದಡ್ಡಿ ಎಂದು ಬೈದು ಬೆತ್ತ ಎತ್ತಿದರು, ಹೋಗುವಾಗ ಅರಸನ ಕಿವಿಯನ್ನೂ ಊದಿ ಹೋದರು. ಅಂದಿನಿಂದ ಮಾಳಲೆ ಯಾರನ್ನೂ ನಂಬಲಿಲ್ಲ. ತಂಗಿಯನ್ನು ಸೆರಗಿನಲ್ಲೇ ಇಟ್ಟುಕೊಂಡಳು. ಚಂದಲೆ ಬಾಯಿ ತೆರೆದರೆ ಸಾಕು, ಮಾತನ್ನು ತಾನೇ ಮುಗಿಸಿಬಿಡುವಳು. ಕೆಟ್ಟವರು ಹತ್ತಿರ ಬರಬಾರದೆಂದು ಒಗಟು ಕಟ್ಟಿದವಳು ಮಾಳಲೆಯೇ. ತಲೆ ತೆಗೆಯುವ ಮಾತು ಸೇರಿಸಿದವನು ಮಾತ್ರ ಅರಸ.

ಮೊದಲು ಬಂದವನು ಕೇಶವಭಟ್ಟ. ಬಂದವನ ಕಣ್ಣು ಚಂದಲೆಯ ಮೇಲೆ ಬೀಳಲೇ ಇಲ್ಲ, ಉಂಬಳಿಯ ಕಾಗದದ ಮೇಲೇ ನೆಟ್ಟಿತ್ತು. ಮಾಳಲೆಗೆ ಅಷ್ಟು ಸಾಕಾಯಿತು.

"ಒಂದು ಮನೆ. ಅದಕ್ಕೆ ಏಳು ಬಾಗಿಲು. ಆರು ಬಾಗಿಲನ್ನು ಊರೆಲ್ಲ ಬಡಿಯುತ್ತದೆ, ತೆರೆಯುವುದಿಲ್ಲ. ಏಳನೆಯದಕ್ಕೆ ಅಗಳಿಯೇ ಇಲ್ಲ, ಆದರೂ ಅಲ್ಲಿಂದ ಯಾರೂ ಒಳಗೆ ಹೋಗಿಲ್ಲ. ಯಾವುದದು?"

"ದೇಹ! ನವದ್ವಾರದ ದೇಹ!"

"ನಾನು ಹೇಳಿದ್ದು ಏಳು, ಭಟ್ಟರೇ."

"ಎರಡನ್ನು ಯೋಗದಿಂದ ಮುಚ್ಚಿಕೊಳ್ಳಬಹುದು ತಾಯಿ," ಎಂದ ಪುಣ್ಯಾತ್ಮ! ಕಾವಲು ಭಟರು ಅವನ ರಟ್ಟೆ ಹಿಡಿದು ಸೆರೆಗೆ ಎಳೆದೊಯ್ದರು.

ಆಮೇಲೆ ಬಂದವನು ಸಾಮಂತನ ಮಗ ಬೀರರಸ. ಬೇಹುಗಾರಿಕೆಗೇ ಬಂದಿದ್ದಾನೆಂದು ಮಾಳಲೆಗೆ ಗುಮಾನಿ. "ಏಳು ಬಾಗಿಲೆಂದರೆ ನಮ್ಮಪ್ಪನ ಕೋಟೆಯೇ," ಎಂದು ಮೀಸೆ ತಿರುವಿದ. ಅವನೂ ಭಟ್ಟನ ಪಕ್ಕದ ಕೋಣೆ ಸೇರಿದ. ಹಬ್ಬ ಮುಗಿದ ಮೇಲೆ ಇಬ್ಬರ ತಲೆಯೂ ಹೋಗುವುದಿತ್ತು.

ಯುಗಾದಿಗೆ ಒಂದು ದಿನ ಉಳಿದಾಗ ಬಳೆ ಮಾರುವ ಬೊಪ್ಪ ಬಂದ. ಬಳೆಗಳ ಮಲಾರವನ್ನು ಹೆಗಲಿನಿಂದ ಇಳಿಸಿ ಕೈಮುಗಿದು ನಿಂತ. ಒಗಟು ಕೇಳಿ ಒಂದಿಷ್ಟು ಯೋಚಿಸಿದ.

"ಅದು ಮಗು, ಅಮ್ಮಣ್ಣಿ. ಇದು ಬರಲ್ಲ, ಅದು ಬರಲ್ಲ ಅಂತ ಮುಚ್ಚಿದ ಬಾಗಿಲನ್ನೇ ಎಲ್ಲರೂ ಬಡೀತಾರೆ. ಅದಕ್ಕೆ ಬರೋದು ಏನೋ ಒಂದು ಇರುತ್ತಲ್ಲ, ಅತ್ತ ಯಾರೂ ತಿರುಗಿ ನೋಡಲ್ಲ."

ಸಭೆ ಗುಜುಗುಜು ಎಂದಿತು. ಮಾಳಲೆ ಹುಬ್ಬು ಗಂಟಿಕ್ಕಿ ಎರಡನೆಯದನ್ನು ಕೇಳಿದಳು. "ಎಲ್ಲರಿಗೂ ಒಂದೇ ಸಮ ಹಂಚಿದರೆ ಅನ್ಯಾಯ. ಒಬ್ಬೊಬ್ಬರಿಗೆ ಒಂದೊಂದು ಥರ ಕೊಟ್ಟರೆ ನ್ಯಾಯ. ಏನದು?"

"ತಾಯಿ ಬಡಿಸೋ ಊಟ. ಹಲ್ಲಿಲ್ಲದ ಅಜ್ಜಿಗೂ ಹಾಲು ಕುಡಿಯೋ ಕೂಸಿಗೂ ನನ್ನಷ್ಟೇ ದಪ್ಪ ಮುದ್ದೆ ಇಟ್ಟರೆ ಗತಿಯೇನು?"

ಇದೂ ಸರಿಯಾಗಿತ್ತು. ಸರಿಯಾಗಿದ್ದದ್ದೇ ಮಾಳಲೆಗೆ ತಡೆಯಲಾಗಲಿಲ್ಲ. ಪಂಡಿತರಿಗೆ ಹೊಳೆಯದ್ದು ಇವನಿಗೆ ಹೇಗೆ ಹೊಳೆಯಿತು? ತನ್ನ ಬಿಟ್ಟರೆ ಉತ್ತರ ಬಲ್ಲವಳು ತಂಗಿಯ ದಾದಿ ಒಬ್ಬಳೇ; ಅವಳ ಕೈ ನೋಡಿದಳು. ಹೊಸ ಹಸಿರು ಬಳೆ! ಓಹೋ, ಬಳೆ ತೊಡಿಸುವಾಗ ಉತ್ತರ ಬಾಯಿಬಿಡಿಸಿದ್ದಾನೆ. ಇರು, ಮಾಡುತ್ತೇನೆ! ಕಟ್ಟಿಟ್ಟಿದ್ದ ಮೂರನೆಯ ಒಗಟನ್ನು ಬಿಟ್ಟು, ದಾದಿಗೂ ತನಗೂ ಉತ್ತರ ಗೊತ್ತಿಲ್ಲದ್ದನ್ನೇ ಕೇಳಿದಳು.

"ನನ್ನ ಬಗಲಲ್ಲಿ ಒಂದು ಗಂಟಿದೆ. ಒಳಗೇನಿದೆಯೆಂದು ನಾನು ಕಂಡಿಲ್ಲ, ಅಪ್ಪಾಜಿ ಕಂಡಿಲ್ಲ. ಗಂಟೆಂದರೆ ನನ್ನ ತಂಗಿಯ ಮನಸ್ಸು. ಅವಳಿಗೆ ಏನು ಬೇಕು? ಹೇಳು!"

ಬೊಪ್ಪನ ಮುಖ ಬೆವರಿತು. "ಇದು ನನಗೆ ಗೊತ್ತಿಲ್ಲ, ಅಮ್ಮಣ್ಣಿ."

ಭಟರು ಮುಂದೆ ಬಂದರು.

"ಗೊತ್ತಿರೋರನ್ನ ಕೇಳಬಹುದಲ್ಲ?" ಎಂದವನೇ ಚಂದಲೆಯ ಎದುರು ನೆಲದ ಮೇಲೆ ಕೂತುಬಿಟ್ಟ. "ಪುಟ್ಟಮ್ಮಣ್ಣಿ, ನಿಮಗೇನು ಬೇಕು?"

ಚಂದಲೆ ಬಾಯಿ ತೆರೆದಳು. "ಮ... ಮ... ಮ..."

"ಮಲಗಬೇಕಂತೆ," ಎಂದಳು ಮಾಳಲೆ.

"ತಾವು ಸುಮ್ಮನಿರಿ ತಾಯಿ!" ಎಂದ ಬೊಪ್ಪ. ಬಳೆಗಾರ ರಾಜಕುಮಾರಿಗೆ ಗದರುವುದೆಂದರೇನು! ಅವನು ಮಾತ್ರ ಅತ್ತಿತ್ತ ನೋಡದೆ, ತಲೆಯಾಡಿಸದೆ, ಒಂದು ಅಕ್ಷರವನ್ನೂ ಎತ್ತಿಕೊಡದೆ ಕಾದ.

"ಮ... ಮಗ್ಗಿ ನಂಗೆ ಬರುತ್ತೆ. ಹೇ... ಹೇಳೋಕೆ ಬರಲ್ಲ. ಮರಳಲ್ಲಿ ಬ... ಬರೀತೀನಿ. ಬೇರೆ ಮಕ್ಕಳ ಜೊತೆ ಮಠದಲ್ಲಿ ಕೂ... ಕೂತು ಕಲೀಬೇಕು." ಆಮೇಲೆ ಅಕ್ಕನತ್ತ ತಿರುಗಿದಳು. ಅವಳ ಕೆನ್ನೆ ಕೆಂಪಾಗಿತ್ತು. "ಅ... ಅಕ್ಕಾ, ನನ್ನ ಮಾತನ್ನ ನೀ... ನೀನು ಆಡಬೇಡ."

ಮಾಳಲೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಂದವರನ್ನೆಲ್ಲ ಅನುಮಾನಿಸಿದಳು, ತನ್ನನ್ನು ಅನುಮಾನಿಸಿರಲಿಲ್ಲ. ಅವಳ ಕಣ್ಣು ತುಂಬಿ ಬಂತು.

ಅರಸ ಮರಳು ತರಿಸಿದ. ಚಂದಲೆ ಹದಿನೇಳರ ಮಗ್ಗಿಯನ್ನು ಸರಸರನೆ ಗೀಚಿದಳು. ಅರಸನಿಗೇ ಅದು ಬರುತ್ತಿರಲಿಲ್ಲ, ಮಂತ್ರಿಯ ಮುಖ ನೋಡಿದ. ಮಂತ್ರಿ ಹೌದೆಂದು ತಲೆಯಾಡಿಸಿದ.

"ಆದರೂ ತಲೆ ಪಣಕ್ಕಿಟ್ಟು ಯಾಕೆ ಬಂದೆ?" ಎಂದು ಮಾಳಲೆ ಕೇಳದೆ ಬಿಡಲಿಲ್ಲ.

"ನನ್ನ ತಮ್ಮನಿಗೂ ಮಾತು ತಡೀತಿತ್ತು. ಪಾಠ ಹೇಳೋ ಐಗಳು ಮಠದಿಂದ ಅಟ್ಟಿದರು. ಮನೇಲಿ ನಾವೂ ನಕ್ಕೆವು. ಅವನೀಗ ಮಾತೇ ಬಿಟ್ಟಿದ್ದಾನೆ, ತಾಯಿ."

ಮೂರನೆಯ ಒಗಟೂ ಒಡೆದಂತಾಯಿತು, ಬೆಟ್ಟದ ಕೋಟೆಯ ಮಾತು ಅಲ್ಲಿಗೇ ಬಿತ್ತು. ಬೊಪ್ಪ ಮಠದ ಗುರುವಾದ, ಉಂಬಳಿಯೂ ಸಿಕ್ಕಿತು, ಅವನು ಕೇಳಿಕೊಂಡಂತೆ ಸೆರೆಯಲ್ಲಿದ್ದ ಇಬ್ಬರ ತಲೆಯೂ ಉಳಿಯಿತು. ಅವನ ತಮ್ಮ ಮಠದಲ್ಲಿ ಚಂದಲೆಯ ಪಕ್ಕದಲ್ಲೇ ಕೂತ.

ಮಾಳಲೆಯ ಗುಮಾನಿ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಒಂದು ಬೆಳಿಗ್ಗೆ ಮಠದ ಗೋಡೆಗೆ ಕಿವಿಯಿಟ್ಟಳು. ಮಕ್ಕಳೆಲ್ಲ ಗೊಳ್ಳೆಂದು ನಗುತ್ತಿದ್ದವು. ಅಯ್ಯೋ, ನನ್ನ ಕೂಸನ್ನು ಆಡಿಕೊಳ್ಳುತ್ತಿದ್ದಾರೆ! ಬಾಗಿಲು ತಳ್ಳಿ ನುಗ್ಗಿದಳು. ನಡುವೆ ಚಂದಲೆ ನಿಂತು, ಬೇಕಾದಷ್ಟು ಹೊತ್ತು ತೆಗೆದುಕೊಂಡು, ತಾನೇ ಕಟ್ಟಿದ ಒಗಟು ಹೇಳುತ್ತಿದ್ದಳು. ಎದುರಿಗಿದ್ದ ಬೊಪ್ಪ ಉತ್ತರ ಹೊಳೆಯದೆ ತಲೆ ಕೆರೆದುಕೊಳ್ಳುತ್ತಿದ್ದ. ನಕ್ಕದ್ದು ಅದಕ್ಕೆ!

"ಹೊ... ಹೊರಗೆ ಹೋಗಕ್ಕ," ಎಂದಳು ಚಂದಲೆ. "ಪಾ... ಪಾಠ ನಡೀತಿದೆ."

ಮಾಳಲೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.