ಸೀರೆ ಗಾರ್ಡಿನ ಹಟ

ಹೊಸ ಕ್ರೂಸರ್ ಬೈಕು ಮನೆಗೆ ಬಂದ ವಾರದಲ್ಲೇ ಅದರ ಹೊಳೆಯುವ ಸೈಲೆನ್ಸರ್ ಹಿಂಚಕ್ರದ ಸೀರೆ ಗಾರ್ಡಿಗೆ ಹೇಳಿತು: “ಕಿಟಕಿ ಸರಳಿನಂತೆ ನಿಂತು ನಮ್ಮ ಗತ್ತನ್ನೆಲ್ಲ ಹಾಳುಮಾಡಿದ್ದೀಯ. ಯಜಮಾನ ಸ್ಪ್ಯಾನರ್ ತಂದಿದ್ದಾನೆ, ತೊಲಗು!”

“ಕಳಚಿದರೆ ಹೋಗುತ್ತೇನೆ. ಅಲ್ಲಿಯವರೆಗೆ ನನ್ನ ಕೆಲಸ ಬಿಡಲಾರೆ.”

ಯಜಮಾನ ಲಿಂಗರಾಜು ಒಂದು ಬೋಲ್ಟು ಸಡಿಲಿಸುವಷ್ಟರಲ್ಲಿ ಅವನ ತಾಯಿ ಬಂದಳು. “ಸಂತೆಗೆ ಹೊತ್ತಾಯ್ತು ಕಣೋ, ಅದನ್ನ ಆಮೇಲೆ ಬಿಚ್ಚು” ಎಂದು ಹಿಂದೆ ಕೂತಳು.

ದಾರಿಯಲ್ಲಿ ಗಾಳಿಗೆ ಅವಳ ಸೆರಗು ಹಾರಿ ಚಕ್ರದತ್ತ ನುಗ್ಗಿತು. ಗಾರ್ಡು ಗಡಗಡ ಅಲುಗಾಡುತ್ತಲೇ, ಉಳಿದ ಬೋಲ್ಟಿನ ಬಲದಲ್ಲಿ ಅದನ್ನು ತಡೆದು ಹಿಡಿಯಿತು. ಬ್ರೇಕು ಹಾಕಿ ಹಿಂತಿರುಗಿ ನೋಡಿದ ಲಿಂಗರಾಜು ಬೆವೆತುಹೋದ.

ಮನೆಗೆ ಬಂದವನೇ ಮತ್ತೆ ಸ್ಪ್ಯಾನರ್ ಹಿಡಿದು ಸಡಿಲವಾದ ಬೋಲ್ಟನ್ನು ಬಿಗಿದ.

“ಉಳಿದರೇನು, ನಿನಗೆ ಅಂದವಿಲ್ಲ” ಎಂದಿತು ಸೈಲೆನ್ಸರ್.

“ಅಂದ ನೋಡುವವರಿಗೆ” ಎಂದಿತು ಗಾರ್ಡು. “ನಾನಿರುವುದು ಕೂರುವವರಿಗೆ.”